ಗುಡ್ಡದ ತುದಿಯ ಇಗರ್ಜಿ, ಗುಲಾಬಿ ಹೂವಿನ ಗಾಜು

ಸಮುದ್ರಕ್ಕೆ ಕಲ್ಲು ಹಾಕುವುದು ನನ್ನ ಕೆಲಸವಾಗಿತ್ತು. ಮಕ್ಕಳು ಹಾಕಿದರೆ ದೊಡ್ಡವರು ಬೈಯುತ್ತಾರೆ. ನಾನು ಹಾಕಿದ್ದಕ್ಕೆ ಸರಕಾರ ಸಂಬಳ ಕೊಟ್ಟಿತು, ಈಗ ಪಿಂಚಣಿಯನ್ನೂ ಕೊಡುತ್ತಿದೆ. ಕಾರವಾರದ ಕಚೇರಿಯಲ್ಲಿ ಕಿರಿಯ ಎಂಜಿನಿಯರ್ ಆಗಿ ಸೇರಿದವಳು ಕಾರವಾರ, ಅಂಕೋಲೆಯ ಕಡಲ ದಂಡೆ ಬಿಟ್ಟು ಎಲ್ಲಿಗೂ ಹೋಗದೆ ನಿವೃತ್ತಳಾದೆ. ನಡುವೆ ಬಡ್ತಿಗಳು ಬಂದವು, ಕುರ್ಚಿಗಳು ಬದಲಾದವು. ಅದನ್ನೆಲ್ಲ ಬರೆದರೆ ಓದುವವರಿಗೆ ನಿದ್ದೆ ಬರುತ್ತದೆ, ಬರೆಯುವ ನನಗೆ ಅದಕ್ಕಿಂತ ಮೊದಲೇ ಬರುತ್ತದೆ.

ಈಗ ಹೊಸದಾಗಿ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಅಲೆಯ ಎತ್ತರ, ಗಾಳಿಯ ವೇಗ, ಮರಳಿನ ಓಡಾಟ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂತಲ್ಲೇ ಲೆಕ್ಕ ಹಾಕುತ್ತಾರೆ. ಸಂತೋಷ. ಆದರೆ ಕಡಲ್ಕೊರೆತದಲ್ಲಿ ಕಡಲಿನ ಪಾಲು ಅರ್ಧ ಮಾತ್ರ, ಉಳಿದರ್ಧ ಜನರದು. ಆ ಉಳಿದರ್ಧದ ಬಗ್ಗೆ ಹೇಳಲು ನನ್ನ ಬಳಿ ಇರುವುದು ಒಂದು ಇಗರ್ಜಿಯ, ಅಂದರೆ ಚರ್ಚಿನ, ಕತೆ. ನೌಕರಿಗೆ ಸೇರಿದ ಹೊಸತರಲ್ಲಿ ನನ್ನ ಕೈಗೆ ಬಂದ ಆ ಕಡತ ನಿವೃತ್ತಿ ಹತ್ತಿರವಾಗುವವರೆಗೂ ನನ್ನ ಮೇಜು ಬಿಟ್ಟು ಕದಲಲಿಲ್ಲ.

ನಾನು ಅಂಕೋಲೆ ತಾಲೂಕಿನ ಶೆಟಗೇರಿಯವಳು, ಬೇಸಾಯದ ಮನೆಯವಳು. ನೌಕರಿ ಸಿಕ್ಕಿತೆಂದು ಹೇಳಿದಾಗ ಅಪ್ಪ ಖುಷಿಪಡುವ ಬದಲು ಯೋಚನೆಗೆ ಬಿದ್ದ. "ಸಮುದ್ರಕ್ಕೆ ಕಟ್ಟೆ ಹಾಕೂ ನೌಕ್ರಿಯೇ ತಂಗೀ? ನಮ್ಮ ಗದ್ದೆ ಕಟ್ಟೆನೇ ವರ್ಷಾ ವರ್ಷಾ ಒಡೀತದೆ. ಅದ್ನ ಯಾರ್ ನೋಡೂದು?" ಅಂದ.  

ದಂಡೆಯ ಊರುಗಳಲ್ಲಿ ನನ್ನನ್ನು ಯಾರೂ ಎಂಜಿನಿಯರ್ ಎಂದು ಕರೆದದ್ದಿಲ್ಲ. ಕೈಯಲ್ಲಿ ಕೊಡೆ, ಹೆಗಲಲ್ಲಿ ಚೀಲ ಇರುವ ಹೆಂಗಸು ಎಂದರೆ ಶಾಲೆಯ ಅಕ್ಕೋರು. ಹಾಗಾಗಿ ನಾನೂ ಅಕ್ಕೋರೇ ಆದೆ. ಮೊದಮೊದಲು "ನಾನು ಟೀಚರಲ್ಲ" ಎಂದು ತಿದ್ದುತ್ತಿದ್ದೆ. ಆಮೇಲೆ ಅದರ ಅನುಕೂಲ ತಿಳಿಯಿತು. ಎಂಜಿನಿಯರಿಗೆ ಜನ ದೂರು ಹೇಳುತ್ತಾರೆ, ಅಕ್ಕೋರಿಗೆ ಚಹಾ ಕೊಡುತ್ತಾರೆ.

ನನ್ನ ಮೊದಲ ಮೇಲಧಿಕಾರಿ ಬಯಲುಸೀಮೆಯವರು. ಸಮುದ್ರವನ್ನು ಅವರು ಮೊದಲು ನೋಡಿದ್ದೇ ಇಲ್ಲಿಗೆ ವರ್ಗವಾಗಿ ಬಂದಾಗ. ಒಳ್ಳೆಯ ಮನುಷ್ಯ, ಆದರೆ ಯಾವ ಪ್ರಶ್ನೆಗೂ ಅವರಲ್ಲಿದ್ದ ಉತ್ತರ ಕಲ್ಲು. ದಂಡೆ ಕೊರೆಯುತ್ತಿದೆಯೇ? ಕಲ್ಲು ಹಾಕಿ. ಹಾಕಿದ ಕಲ್ಲು ಮುಳುಗಿತೇ? ಅದರ ಮೇಲೆ ಇನ್ನಷ್ಟು ಹಾಕಿ. ಕಚೇರಿಯಲ್ಲಿ ನಾವು ಬೆನ್ನ ಹಿಂದೆ ಅವರನ್ನು ಕಲ್ಲು ಸಾಹೇಬರು ಎನ್ನುತ್ತಿದ್ದೆವು. ಬೆಳಂಬಾರದ ಆಚೆಗಿನ ಒಂದು ದಂಡೆಯಲ್ಲಿ ಮಳೆಗಾಲಕ್ಕೆ ಮುಂಚೆ ಆಳೆತ್ತರ ಬಂಡೆ ಪೇರಿಸಿ ಬಂದೆವು. ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದರೆ ಆಮೆ ಮೊಟ್ಟೆ ಇಟ್ಟು ಅರೆಬರೆ ಮರಳು ಮುಚ್ಚಿದ ಹಾಗೆ ಅಲ್ಲೊಂದು ಇಲ್ಲೊಂದು ಕಲ್ಲಿನ ನೆತ್ತಿ ಕಾಣುತ್ತಿತ್ತು. ಪಕ್ಕದ ಕೇರಿಯ ದಂಡೆ ಮಾತ್ರ ಮೊದಲಿಗಿಂತ ಜಾಸ್ತಿ ಕೊರೆದಿತ್ತು. ದೋಣಿಯ ಮೇಲೆ ಕೂತು ಬಲೆ ನೇಯುತ್ತಿದ್ದ ಒಬ್ಬರು ಕಲ್ಲು ಸಾಹೇಬರನ್ನು ಕರೆದು, "ಸಾಯೇಬ್ರೆ, ಸಮುದ್ರಕ್ಕೆ ವರ್ಷಕ್ಕೊಂದ್ಸಲ ಬಾಗಿನ ಕೊಡ್ತ್ರಲ್ಲ, ಒಂದ್ ಸೀರೆನೂ ಇಡಿ" ಅಂದರು. ಸಾಹೇಬರಿಗೆ ಆ ಮಾತು ಅರ್ಥವಾಗಲಿಲ್ಲ. ಸೀರೆ ಖರ್ಚಿನ ಯಾವ ಬಾಬಿನಲ್ಲಿ ಬರುತ್ತದೆ ಎಂದು ಜೀಪಿನಲ್ಲಿ ನನ್ನನ್ನು ಕೇಳಿದರು.

ಅದೇ ಕಲ್ಲು ಸಾಹೇಬರ ಜೊತೆ ನಾನು ಮೊದಲ ಸಲ ಗುಡ್ಡದ ಇಗರ್ಜಿಗೆ ಹೋದದ್ದು. ಊರಿನ ಹೆಸರು ಬೇಡ, ಅಲ್ಲಿಯವರು ಇನ್ನೂ ನನಗೆ ಒಣಮೀನು ಕಳಿಸುತ್ತಾರೆ. ಸಮುದ್ರದೊಳಕ್ಕೆ ಚಾಚಿದ ಕೆಂಪು ಗುಡ್ಡ. ಅದರ ತುದಿಯಲ್ಲಿ ಸುಣ್ಣ ಬಳಿದ ಹಳೆಯ ಪುಟ್ಟ ಇಗರ್ಜಿ, ಅದರ ಬೆನ್ನಿಗೆ ಸಮುದ್ರದ ಕಡೆಗೆ ಸಮಾಧಿಗಳ ಹಿತ್ತಲು. ಯಾವಾಗ ಕಟ್ಟಿದ್ದೆಂದು ಯಾರಿಗೂ ಗೊತ್ತಿಲ್ಲ. ಕೇಳಿದರೆ ಪ್ರತಿ ಮನೆಯವರೂ ತಮ್ಮ ಅಜ್ಜನ ಅಜ್ಜನೇ ಕಲ್ಲು ಹೊತ್ತದ್ದೆಂದು ಹೇಳುತ್ತಿದ್ದರು. ಕ್ರಿಶ್ಚಿಯನ್ನರ ಮನೆಗಳು ಕೆಲವೇ. ಆದರೆ ದೋಣಿಗೆ ಹೋಗುವ ಹಿಂದೂಗಳೂ ಸಾಯ್ಬಿಣ್ ಮಾಯಿಗೆ, ಅಂದರೆ ಮೇರಿ ಮಾತೆಗೆ, ಮೇಣದಬತ್ತಿ ಹಚ್ಚಿಯೇ ನೀರಿಗೆ ಇಳಿಯುತ್ತಿದ್ದರು. ಸಮುದ್ರದಿಂದ ವಾಪಸು ಬರುವಾಗ ಮೊದಲು ಕಾಣುವುದು ಆ ಬಿಳಿ ಗೋಡೆ.

ಗುಡ್ಡ ಮೇಲೆ ಗಟ್ಟಿ ಚಿರೇಕಲ್ಲು, ಒಳಗೆ ಬೆಣ್ಣೆಯಂಥ ಶೇಡಿಮಣ್ಣು. ಅಲೆ ಬಂದು ಬುಡದ ಶೇಡಿಯನ್ನು ನೆಕ್ಕಿಕೊಂಡು ಹೋಗುತ್ತದೆ. ಮೇಲಿನ ಕಲ್ಲಿನ ಹಾಸು ಸ್ವಲ್ಪ ಕಾಲ ಗಾಳಿಯಲ್ಲಿ ನಿಂತಿದ್ದು ಒಂದು ದಿನ ಮುರಿದು ಬೀಳುತ್ತದೆ. ಕಲ್ಲು ಸಾಹೇಬರು ತುದಿಗೆ ಹೋಗಿ ಕೆಳಗೆ ಬಗ್ಗಿ ನೋಡಿ, ಏನು ಹೇಳಬಹುದೋ ಅದನ್ನೇ ಹೇಳಿದರು. ಹಾಕಿದೆವು. ಅಲೆಯ ಹೊಡೆತ ಕಡಿಮೆಯಾದದ್ದು ನಿಜ, ಆದರೆ ಗುಡ್ಡ ಜರಿಯುವುದು ನಿಲ್ಲಲಿಲ್ಲ. ಮೇಲೆ ಬಿದ್ದ ಮಳೆನೀರು ಕಲ್ಲಿನ ಸಂದಿಯಲ್ಲಿ ಇಳಿದು ಒಳಗಿನಿಂದಲೇ ಶೇಡಿ ತೊಳೆಯುತ್ತಿದೆ ಎಂಬುದು ನಮಗೆ ತಿಳಿಯುವ ಹೊತ್ತಿಗೆ ಸಾಹೇಬರು ವರ್ಗವಾಗಿದ್ದರು. ಆಮೇಲೆ ಗುಡ್ಡದ ಮೇಲೆ ಚರಂಡಿ ತೋಡಿದೆವು, ನೀರನ್ನು ಬೇರೆ ಕಡೆಗೆ ತಿರುಗಿಸಿದೆವು. ಸಮುದ್ರದ ಕೆಲಸ ಮಾಡುವವರು ಸಮುದ್ರಕ್ಕೆ ಬೆನ್ನು ಹಾಕಿ ಮೋರಿ ತೋಡುವುದನ್ನು ನೋಡಿ ಊರವರು ಬಿದ್ದು ಬಿದ್ದು ನಕ್ಕರು. ಅದೇ ಮೋರಿ ಇಗರ್ಜಿಗೆ ಹಲವು ವರ್ಷ ಆಯಸ್ಸು ಕೊಟ್ಟಿತು.

ಗುಡ್ಡ ವರ್ಷಕ್ಕೆ ಎಷ್ಟು ಸವೆಯುತ್ತದೆಂದು ತಿಳಿಯಲು ಅಂಚಿನಿಂದ ಒಳಗೆ ಕಬ್ಬಿಣದ ಗೂಟವೊಂದನ್ನು ಹುಗಿಸಿದ್ದೆ. ಪ್ರತಿ ವರ್ಷ ಹೋಗಿ ಗೂಟದಿಂದ ಅಂಚಿಗೆ ಟೇಪು ಹಿಡಿಯುವುದು. ಒಂದು ವರ್ಷ ನನ್ನ ಅಳತೆಯ ಪ್ರಕಾರ ಗುಡ್ಡ ಬೆಳೆದಿತ್ತು. ಎರಡು ಸಲ ಅಳೆದೆ. ಬೆಳೆದೇ ಇತ್ತು. ಅಷ್ಟರಲ್ಲಿ ಗಂಗಕ್ಕ ಆಕಳನ್ನು ಎಳೆದುಕೊಂಡು ಬಂದಳು.

ಗಂಗಕ್ಕನ ಬಗ್ಗೆ ಹೇಳಬೇಕು. ಇಗರ್ಜಿಗೆ ಹತ್ತಿರದ ಮನೆ ಅವಳದೇ. ಮೂಲ ಊರು ಚೆಂಡಿಯಾ. ಅಲ್ಲಿಯ ಜಮೀನು ನೌಕಾನೆಲೆಗೆ ಹೋದಾಗ ಗಂಡ, ಅತ್ತೆ, ಆಕಳು ಸಮೇತ ಇಲ್ಲಿಗೆ ಬಂದು ನೆಲೆಸಿದವಳು. ಗಂಡ, ಅತ್ತೆ ಇಬ್ಬರೂ ತೀರಿಕೊಂಡಿದ್ದರು. ಆಕಳ ಸಂತಾನ ಮಾತ್ರ ಮುಂದುವರಿದಿತ್ತು.

"ಗಂಗಕ್ಕ, ಈ ಗೂಟ ಯಾರಾದ್ರೂ ಕಿತ್ತಿದ್ದಾರಾ?" ಎಂದು ಕೇಳಿದೆ.

"ಕಿತ್ತದ್ದಲ್ಲ ಅಕ್ಕೋರೆ, ಸ್ವಲ್ಪ ಒಳಗೆ ಸರ್ಸಿದ್ದು. ಅಲ್ಲಿ ಹುಲ್ಲು ಮುಗ್ದಿತ್ತು. ಆಕ್ಳು ಕಟ್ಟೂಕೆ ನಿಮ್ಮ ಗೂಟ ಭಾರೀ ಗಟ್ಟಿ ಅದೆ. ಇನ್ನೊಂದ್ ಇದ್ರೆ ಕರೀಗೂ ಆಗ್ತಿತ್ತು."

ಕರೀ ಎಂದರೆ ಆಕಳ ಕರು. ಆ ವರ್ಷದ ಅಳತೆಯನ್ನು ಹೊಡೆದುಹಾಕಿದೆ, ಕರೀಗೆ ಬೇರೆ ಗೂಟ ತಂದುಕೊಟ್ಟೆ. ಇದನ್ನು ಓದುವ ಕಿರಿಯರಿಗೆ ಹೇಳುವುದು ಇಷ್ಟೇ: ಗೂಟ ಹುಗಿಸುವ ಮೊದಲು ಆ ಜಾಗದಲ್ಲಿ ಹುಲ್ಲು ಹೇಗಿದೆ ನೋಡಿಕೊಳ್ಳಿ.

ನಿವೃತ್ತಿಗೆ ಇನ್ನು ಕೆಲವೇ ವರ್ಷ ಇದ್ದಾಗ ನಮ್ಮಲ್ಲಿಗೆ ಬಂದ ಅಧಿಕಾರಿ ನನ್ನ ಮಗನ ವಯಸ್ಸಿನವರು. ಬಹಳ ಚುರುಕು. ಟೇಪು, ಗೂಟ ಎಲ್ಲ ಹಳೆಯ ಕಾಲದ್ದು, ಇನ್ನು ಮೇಲೆ ಡ್ರೋನ್ ಎಂದರು. ಗುಡ್ಡದ ಮೇಲೆ ಜನ ಸೇರಿದರು, ಇಗರ್ಜಿಯ ಫಾದರ್ ಲೂಯಿಸರೂ ಬಂದು ನಿಂತರು. ಡ್ರೋನು ಗುಂಯ್ ಎಂದು ಏರಿ ಸಮುದ್ರದ ಮೇಲೆ ತಿರುಗಿತು. ಅಲ್ಲೇ ತೆಂಗಿನಮರದಲ್ಲಿ ಗೂಡು ಕಟ್ಟಿದ್ದ ಗರುಡಕ್ಕೆ ಈ ಹೊಸ ಹಕ್ಕಿ ಸರಿಬರಲಿಲ್ಲ. ನೇರ ಬಂದು ಎರಡೂ ಕಾಲಿನಲ್ಲಿ ಹಿಡಿಯಿತು. ಜನ ಗರುಡ ದರ್ಶನವಾಯಿತೆಂದು ಕೈ ಮುಗಿದರು. ಸಾಹೇಬರು ರಿಮೋಟಿನ ಗುಂಡಿಗಳನ್ನು ಒತ್ತುತ್ತಲೇ ಇದ್ದರು. ಗರುಡ ಅದನ್ನು ಸ್ವಲ್ಪ ದೂರ ಒಯ್ದು, ತಿನ್ನುವ ವಸ್ತು ಅಲ್ಲವೆಂದು ತಿಳಿದು ಸಮುದ್ರಕ್ಕೆ ಬಿಟ್ಟಿತು. ಫಾದರ್ ಗಂಭೀರವಾಗಿ, "ಸರ್, ಫೋಟೊ ಬಂತೇ?" ಎಂದು ಕೇಳಿದರು.

ಇರಲಿ, ಆಮೇಲೆ ಗೂಡಿಲ್ಲದ ಕಾಲದಲ್ಲಿ ಇನ್ನೊಂದು ಡ್ರೋನ್ ತಂದರು. ಅದು ತೆಗೆದ ಚಿತ್ರಗಳನ್ನು ಸಾಹೇಬರೂ ನಾನೂ ಕೂತು ನೋಡಿದೆವು. ಇಗರ್ಜಿಯ ಹಿಂದಿನ ಗೋಡೆಯ ಕೆಳಗೆ ಗುಡ್ಡ ಒಳಕ್ಕೆ ಗುಹೆಯ ಹಾಗೆ ಕೊರೆದುಹೋಗಿತ್ತು. ಮೇಲಿನಿಂದ ಇಷ್ಟು ವರ್ಷ ಟೇಪು ಹಿಡಿದ ನಮಗೆ ಅದು ಕಂಡಿರಲೇ ಇಲ್ಲ.

ಪೂಜಾಪೀಠದ ಪಕ್ಕದ ಗೋಡೆಯಲ್ಲಿ ಬಿರುಕು ಬಿಟ್ಟಿತ್ತು. ಹಳೆಯ ಕಟ್ಟಡದ ಬಿರುಕು ಸತ್ತದ್ದೋ ಜೀವಂತವೋ ತಿಳಿಯಲು ಒಂದು ಸುಲಭ ಉಪಾಯವಿದೆ. ಬಿರುಕಿಗೆ ಅಡ್ಡವಾಗಿ ತೆಳ್ಳಗಿನ ಗಾಜಿನ ಪಟ್ಟಿಯನ್ನು ಎರಡೂ ಕಡೆ ಗಟ್ಟಿಯಾಗಿ ಅಂಟಿಸುವುದು. ಗೋಡೆ ಸ್ವಲ್ಪ ಅಲುಗಿದರೂ ಗಾಜು ಒಡೆಯುತ್ತದೆ. ಕಾರವಾರದ ಫೋಟೊ ಫ್ರೇಮಿನ ಅಂಗಡಿಯಿಂದ ತುಂಡು ಗಾಜು ತಂದು ಬಿರುಕಿನ ಮೇಲಿಂದ ಕೆಳಗಿನವರೆಗೆ ಮೂರು ಪಟ್ಟಿ ಅಂಟಿಸಿದೆ. ಗಾಜು ಒಡೆದರೆ ಇಗರ್ಜಿ ಮುಚ್ಚಬೇಕಾಗುತ್ತದೆಂದು ಫಾದರಿಗೆ ಹೇಳಿದೆ. ಆಗ ಅಲ್ಲೇ ಇದ್ದು ಏಣಿ ಹಿಡಿದವರು ಇನಾಸಣ್ಣ.

ಇನಾಸಣ್ಣ ಇಗರ್ಜಿಯ ಗಂಟೆ ಹೊಡೆಯುವ, ಕಸ ಗುಡಿಸುವ, ಮೇಣದಬತ್ತಿ ಹಚ್ಚುವ ಮುದುಕ. ಹೆಂಡತಿ ರೋಜಿ ತೀರಿಕೊಂಡು ಹಿಂದಿನ ಹಿತ್ತಲಲ್ಲೇ ಮಣ್ಣಾಗಿದ್ದಳು. ಮನೆಯಲ್ಲಿ ಇವರು ಮತ್ತು ಮೊಮ್ಮಗಳು ಲವೀನಾ ಇಬ್ಬರೇ. ನಾನು ಹೋದಾಗಲೆಲ್ಲ ಮನೆಗೆ ಕರೆದು ಶಿರಾ ಮಾಡಿಸಿ ಕೊಡುತ್ತಿದ್ದರು. ಮಳೆಗಾಲದುದ್ದಕ್ಕೂ ಹೋಗಿ ನೋಡಿದೆ. ಗುಡ್ಡದ ಅಂಚು ಅಲ್ಲಲ್ಲಿ ಕಳಚಿತು, ಗಾಜು ಮಾತ್ರ ಒಡೆಯಲಿಲ್ಲ. ಹಬ್ಬಕ್ಕೆಂದು ಇನಾಸಣ್ಣ ಗೋಡೆಗೆ ಚಂದ ಸುಣ್ಣ ಹೊಡೆದಿದ್ದರು. "ಗೋಡೆ ಸ್ಥಿರವಾಗಿದೆ" ಎಂದು ಮೇಲಿನವರಿಗೆ ಬರೆದೆ. ಸಾಹೇಬರಿಗೆ ನಂಬಿಕೆ ಬರಲಿಲ್ಲ. ಕೆಳಗೆ ಗುಹೆ ಇದ್ದರೂ ಮೇಲೆ ಗೋಡೆ ಅಲುಗುವುದಿಲ್ಲವೆಂದರೆ ಹೇಗೆ ಎಂದರು. ನನಗೂ ಅದೇ ಸೋಜಿಗ. ಹಳೆಯ ಕಾಲದ ಗಾರೆ, ಗಟ್ಟಿ ಇರಬೇಕೆಂದೆ.

ಮುಂದಿನ ಮೇ ತಿಂಗಳಲ್ಲಿ ಲವೀನಾಳ ಮದುವೆ ಗೊತ್ತಾಯಿತು. "ಅಕ್ಕೋರು ಬರ್ಲೇಬೇಕು. ನಾನೂ ರೋಜಿನೂ ಉಂಗುರ ಹಾಕ್ಕಂಡದ್ದು ಇದೇ ಆಲ್ತಾರ್ ಮುಂದೆ" ಎಂದು ಇನಾಸಣ್ಣ ಕಚೇರಿಗೇ ಬಂದು ಕರೆದರು. ಹೋದೆ. ಹಿಂದಿನ ಎರಡು ದಿನ ಅಡ್ಡಮಳೆ ಹೊಡೆದು ಬಿಟ್ಟಿತ್ತು, ಬೆಳಿಗ್ಗೆ ಚೊಕ್ಕ ಬಿಸಿಲು. ರೇಷ್ಮೆ ಸೀರೆ ಉಟ್ಟಿದ್ದರೂ ಹಳೆಯ ಚಾಳಿ ಬಿಡಲಿಲ್ಲ, ಬಿರುಕಿನ ಗೋಡೆಯ ಪಕ್ಕದ ಬೆಂಚಿನಲ್ಲೇ ಕೂತೆ.

ಫಾದರ್ ಲೂಯಿಸ್ ಪ್ರವಚನ ಶುರು ಮಾಡಿದರು. ಅವರ ಪ್ರವಚನಕ್ಕೆ ಆ ಸುತ್ತಿನಲ್ಲಿ ದೊಡ್ಡ ಹೆಸರು, ಉದ್ದಕ್ಕೆ. ನನ್ನ ಕಣ್ಣು ಗೋಡೆಯ ಕಡೆ ತಿರುಗಿತು. ಕಿಟಕಿಯಿಂದ ಬಂದ ಬಿಸಿಲು ಗಾಜಿನ ಪಟ್ಟಿಯ ಮೇಲೆ ಬಿದ್ದು, ಸುಣ್ಣದ ಮೇಲೆ ಒಂದು ಪುಟ್ಟ ಹೂವಿನ ನೆರಳು ಮೂಡಿತ್ತು. ಗುಲಾಬಿ ಹೂವು.

ನಾನು ತಂದದ್ದು ಬರೀ ಗಾಜು. ಅದರಲ್ಲಿ ಹೂವು ಬಿಡಲು ಸಾಧ್ಯವಿಲ್ಲ. ಮಳೆಗಾಲದ ಮಬ್ಬಿನಲ್ಲಿ ನಾನು ಒಡೆದಿದೆಯೇ ಎಂದಷ್ಟೇ ನೋಡಿದ್ದೆ. ಮೇಲಿನ ಪಟ್ಟಿ ನೋಡಿದೆ, ಅದರಲ್ಲಿ ಎರಡು ಎಲೆ. ಇನ್ನೊಂದರಲ್ಲಿ ಬಳ್ಳಿ. ಈ ಬಳ್ಳಿಯನ್ನು ಎಲ್ಲೋ ನೋಡಿದ್ದೇನೆ. ಎಲ್ಲಿ? ಇನಾಸಣ್ಣನ ಮನೆಯಲ್ಲಿ. ರೋಜಿಯ ಚಹಾ ಕಪ್ಪುಗಳನ್ನು ಜೋಡಿಸಿಟ್ಟ ಶೋಕೇಸಿನ ಬಾಗಿಲಿಗೆ ಗುಲಾಬಿ ಬಳ್ಳಿ ಕೊರೆದ ಗಾಜು ಇತ್ತು. ಕಳೆದ ಮಳೆಗಾಲದಲ್ಲಿ ಅದು ಹೋಗಿ ಅಲ್ಲಿ ಬಟ್ಟೆಯ ಪರದೆ ಬಂದಿತ್ತು. ಕೇಳಿದ್ದಕ್ಕೆ "ಧೂಳು ಬೀಳ್ತದೆ ಹೇಳಿ" ಅಂದಿದ್ದರು. ಗಾಜು ತೆಗೆದು ಬಟ್ಟೆ ಕಟ್ಟಿದರೆ ಧೂಳು ಹೇಗೆ ಕಡಿಮೆಯಾಗುತ್ತದೆಂದು ನನಗೆ ಆವಾಗ ತೋಚಿರಲಿಲ್ಲ. ಶಿರಾ ಚೆನ್ನಾಗಿತ್ತು.

 ಕೆಳಗಿನ ಪಟ್ಟಿಯ ಹತ್ತಿರ ಬಗ್ಗಿದೆ. ಗುಲಾಬಿಯೂ ನಡುವೆ ಸೀಳಿತ್ತು, ಹೊಸ ಸೀಳು. ಹಿಂದಿನ ದಿನದ ಮಳೆಗೆ ಸುಣ್ಣ ಉದುರಿ ಬಿರುಕು ಬಾಯಿ ತೆರೆದಿತ್ತು. ಆ ಬಾಯಲ್ಲಿ ಒಂದು ನೀಲಿ ಗೆರೆ ಕಾಣುತ್ತಿತ್ತು. ಅದು ಸಮುದ್ರ.

ಎದ್ದು ನೇರ ಪೂಜಾಪೀಠಕ್ಕೆ ನಡೆದೆ. ಪ್ರವಚನದ ನಡುವೆ ಸೀರೆ ಸರಪರ ಮಾಡುತ್ತ ಅಕ್ಕೋರು ಹೊರಟದ್ದನ್ನು ನೋಡಿ ಇಡೀ ಇಗರ್ಜಿ ನನ್ನ ಕಡೆ ತಿರುಗಿತು. ಹುಡುಗನಿಗೆ ಈಗಾಗಲೇ ಮದುವೆಯಾಗಿದೆ ಎಂದು ಹೇಳಲು ಬಂದಿದ್ದೇನೆಂದು ಮದುಮಗನ ಸೋದರತ್ತೆ ಪಕ್ಕದವಳ ಕೈ ಹಿಡಿದಳಂತೆ.

"ಫಾದರ್, ಗೋಡೆ ಅಲುಗಿದೆ. ಎಲ್ಲರನ್ನೂ ಹೊರಗೆ ಕಳಿಸಿ" ಎಂದು ಪಿಸುಗುಟ್ಟಿದೆ.

"ಈಗಲೇ?"

"ಈಗಲೇ."

"ಇವತ್ತೇ ಬೀಳುತ್ತದೆಯೇ?"

"ಗೊತ್ತಿಲ್ಲ. ಇವತ್ತೂ ಬೀಳಬಹುದು, ಮಳೆಗಾಲದಲ್ಲೂ ಬೀಳಬಹುದು."

"ಪ್ರವಚನ ಮುಗಿಯುವವರೆಗಾದರೂ?"

"ಫಾದರ್, ನಿಮ್ಮ ಪ್ರವಚನ ಗೊತ್ತಿದ್ದವಳಾಗಿ ಹೇಳುತ್ತೇನೆ, ಬೇಡ."

ಅವರ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಆಮೇಲೆ ಜನರ ಕಡೆ ತಿರುಗಿದರು. ಮುಖದಲ್ಲಿ ಗಾಬರಿಯ ಸುಳಿವೇ ಇಲ್ಲ. "ಇವತ್ತು ಸಾಯ್ಬಿಣ್ ಮಾಯಿಗೆ ಲವೀನಾಳ ಮದುವೆಯನ್ನು ಹೊರಗೆ ನೋಡುವ ಮನಸ್ಸಾಗಿದೆ. ಮೆರವಣಿಗೆಯಲ್ಲಿ ಕರೆದುಕೊಂಡು ಹೋಗೋಣ. ಹಿಂದಿನ ಬೆಂಚಿನವರು ಮೊದಲು. ನಿಧಾನ. ಹಾಡು ಹೇಳಿ" ಎಂದರು. ಮೂರ್ತಿಯನ್ನು ತಾವೇ ಎತ್ತಿಕೊಂಡರು. ಹೊರಗೆ ಬೀಡಿ ಸೇದುತ್ತಿದ್ದ ಬ್ಯಾಂಡಿನವರು ಜನ ಬರುವುದನ್ನು ನೋಡಿ ಮದುವೆ ಮುಗಿಯಿತೆಂದೇ ತಿಳಿದು ಕುಣಿಯುವ ಹಾಡು ಹಿಡಿದರು. ಒಳಗಿನವರದು ಭಕ್ತಿಗೀತೆ, ಹೊರಗಿನವರದು ಡಿಂಗ್‌ಡಾಂಗ್. ನೂಕುನುಗ್ಗಲಿಲ್ಲದೆ, ಅರ್ಧ ಜನ ಕೈ ಮುಗಿದುಕೊಂಡು, ಅರ್ಧ ಜನ ಸೊಂಟ ಅಲುಗಿಸಿಕೊಂಡು ಇಗರ್ಜಿ ಖಾಲಿಯಾಯಿತು.

ಖಾಲಿಯಾಗಲಿಲ್ಲ. ಮುಂದಿನ ಬೆಂಚಿನಲ್ಲಿ ಇನಾಸಣ್ಣ ಕೂತೇ ಇದ್ದರು. ಅವರಿಗೆ ಎಲ್ಲ ಅರ್ಥವಾಗಿತ್ತು.

"ಏಳಿ ಇನಾಸಣ್ಣ."

"ನೀವ್ ಹೋಗಿ ಅಕ್ಕೋರೆ."

"ಎಷ್ಟು ಸಲ ಒಡೆದಿತ್ತು?"

"ಲೆಕ್ಕ ಇಟ್ಟಿಲ್ಲ. ಒಡ್ದಾಗೆಲ್ಲ ಬದ್ಲಿ ಅಂಟ್ಸಿ ಅಂಟ್ಸಿ ಶೋಕೇಸಿನ ಗಾಜು ಪೂರಾ ಖಾಲಿ ಆಯ್ತು."

ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು, ನಗು ಬಂದದ್ದಕ್ಕೆ ಸಿಟ್ಟೂ ಬಂತು. "ಯಾಕೆ ಹೀಗೆ ಮಾಡಿದಿರಿ? ಇಷ್ಟು ಜನ ಒಳಗಿದ್ದರು. ನಿಮ್ಮ ಮೊಮ್ಮಗಳೇ ಇದ್ದಳು."

"ಮುಚ್ತೆ ಹೇಳಿದ್ರಲ್ಲ. ಸರ್ಕಾರ ಒಂದ್ಸಲ ಬೀಗ ಹಾಕಿದ್ರೆ ಮತ್ತೆ ತೆಗೀತದ್ಯೇ? ಇವ್ಳ ಮದ್ವೆ ಒಂದ್ ಆಗ್ಲಿ ಹೇಳಿ ನೋಡ್ದೆ. ಮತ್ತೆ... ಹಿಂದೆ ರೋಜಿ ಅದೆ. ಬಾಗ್ಲು ಮುಚ್ಚಿ ಬೇಲಿ ಹಾಕಿದ್ರೆ ಅವ್ಳು ಒಬ್ಳೇ ಆತಾಳೆ. ಗುಡ್ಡ ಹೋಗೂದಾದ್ರೆ ನಾನೂ ಇಲ್ಲೇ ಇರ್ತೆ."

ನಾನೂ ಅವರ ಪಕ್ಕದಲ್ಲಿ ಕೂತೆ. ಕೂರಬಾರದಿತ್ತು, ಬೇರೆಯವರು ಕೂತಿದ್ದರೆ ನಾನೇ ಗದರಿಸುತ್ತಿದ್ದೆ. ಅಷ್ಟರಲ್ಲಿ ಬಿಳಿ ಗೌನನ್ನು ಎರಡೂ ಕೈಯಲ್ಲಿ ಮಂಡಿಯವರೆಗೆ ಎತ್ತಿಕೊಂಡು ಲವೀನಾ ಓಡಿ ಬಂದಳು.

"ಆಜೋ, ನೀನ್ ಬರ್ದೇ ನಾನ್ ಉಂಗುರ ಹಾಕಿಸ್ಕಳೂದಿಲ್ಲ. ಹುಡ್ಗ ಬಿಸ್ಲಲ್ಲಿ ನಿಂತ್ಕಂಡಿದಾನೆ, ಬೆಂದು ಹೋತಾನೆ, ಏಳು!"

ಅಜ್ಜ ಎದ್ದರು. ಹೆಂಡತಿಗಾಗಿ ಗುಡ್ಡದ ಜೊತೆ ಬೀಳಲು ತಯಾರಿದ್ದ ಮನುಷ್ಯ ಮೊಮ್ಮಗಳ ಗದರಿಕೆಗೆ ನಿಲ್ಲಲಿಲ್ಲ.

ಮದುವೆ ಗಂಗಕ್ಕನ ಅಂಗಳದಲ್ಲಿ, ಮಾವಿನಮರದ ಕೆಳಗೆ ನಡೆಯಿತು. ಕರೀ ಅಷ್ಟೊತ್ತಿಗೆ ದೊಡ್ಡ ಆಕಳಾಗಿತ್ತು, ಮದುಮಗಳ ಹೂಗುಚ್ಛದ ಅರ್ಧ ಭಾಗ ತಿಂದಿತು. ಫಾದರ್ ಪ್ರವಚನವನ್ನು ಬಿಟ್ಟಲ್ಲಿಂದ ಮುಂದುವರಿಸಿದರು.

ಆ ದಿನ ಗುಡ್ಡ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಇಗರ್ಜಿಗೆ ಬೀಗ ಹಾಕಿಸಿ ಬೇಲಿ ಕಟ್ಟಿಸಿದ ನನ್ನನ್ನು ಕಂಡಾಗಲೆಲ್ಲ ಜನ, "ಅಕ್ಕೋರೆ, ಇವತ್ತು ಬೀಳ್ತದ್ಯಾ, ನಾಳೆಯಾ? ಊಟ ಮಾಡ್ಕಂಡು ಬರೂಕೆ ಟೈಮ್ ಅದ್ಯಾ?" ಎಂದು ಕೇಳುತ್ತಿದ್ದರು. ಪೇಟೆಯ ಬಸ್‌ಸ್ಟ್ಯಾಂಡಿನಲ್ಲೂ ಕೇಳಿದರು. ಚುರುಕು ಸಾಹೇಬರು ಕರೆದು, ಯಾವ ಆಧಾರದ ಮೇಲೆ ಮದುವೆ ನಿಲ್ಲಿಸಿದಿರಿ ಎಂದರು. ಸೀಳಿದ ಗುಲಾಬಿಯನ್ನು ಅವರ ಮೇಜಿನ ಮೇಲಿಟ್ಟೆ, ಕತೆ ಹೇಳಿದೆ. ಅವರು ನಗುವರೆಂದುಕೊಂಡಿದ್ದೆ. ನಗಲಿಲ್ಲ. "ಮಳೆಗಾಲದ ಒಳಗೆ ಸಮಾಧಿಗಳನ್ನು ತೆಗೆಸಬೇಕು ಮೇಡಂ" ಎಂದರು. ಅನುಮತಿಗಾಗಿ ತಹಶೀಲ್ದಾರರ ಹತ್ತಿರವೂ ಬಿಷಪರ ಹತ್ತಿರವೂ ತಾವೇ ಓಡಾಡಿದರು. ಡ್ರೋನನ್ನು ಗರುಡ ಒಯ್ದ ದಿನ ನಾನು ಒಳಗೊಳಗೇ ನಕ್ಕದ್ದನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ಅನುಮತಿ ಸಿಕ್ಕಿದರೂ ಊರು ಒಪ್ಪಲಿಲ್ಲ. ರಸ್ತೆಯ ಪಕ್ಕ ಇಗರ್ಜಿಯದೇ ಒಂದು ಗೇರು ಹಿತ್ತಲಿತ್ತು. ಅಲ್ಲಿಗೆ ಒಯ್ಯೋಣವೆಂದು ಫಾದರ್ ಹೇಳಿದರೆ, ಮಲಗಿದವರನ್ನು ಎಬ್ಬಿಸಬಾರದು ಎಂದು ಅರ್ಧ ಜನ ಸಿಟ್ಟಾದರು. ಸಾಯ್ಬಿಣ್ ಮಾಯಿ ಇಷ್ಟು ಕಾಲ ನೋಡಿದ ಸಮುದ್ರ ಬಿಟ್ಟು ಬರುವುದಿಲ್ಲ ಎಂದರು. ಇನಾಸಣ್ಣ ಮೂಲೆಯಲ್ಲಿ ಕೂತಿದ್ದರು. ಸಭೆ ಗಂಗಕ್ಕನ ಅಂಗಳದಲ್ಲೇ ನಡೆದದ್ದರಿಂದ ಅವಳೂ ಅಲ್ಲಿದ್ದಳು, ಎಲ್ಲರಿಗೂ ಚಹಾ ಕೊಡುತ್ತ.

"ನಾನೊಂದ್ ಮಾತ್ ಹೇಳ್ಲೇ ಫಾದರ್?" ಎಂದಳು. "ಚೆಂಡಿಯಾದ ಮನೆ ಬಿಡೂ ದಿವ್ಸ ನಮ್ಮತ್ತೆ ದೇವ್ರ ಮುಂದೆ ಕುತ್ಕಂಡು ಅತ್ಲು. ದೇವ್ರು ಬರೂದಿಲ್ಲ, ಇಲ್ಲೇ ಇರ್ತದೆ ಹೇಳಿ ಹಟ ಮಾಡ್ದ್ಲು. ನಮ್ಮನೆಯವ್ರು ದೇವ್ರನ್ನ ಎತ್ತಿ ಟೆಂಪೋದಲ್ಲಿ ಡ್ರೈವರ್ ಪಕ್ಕ ಕೂರ್ಸಿದ್ರು. ದೇವ್ರು ಸುಮ್ನೆ ಬಂತು. ಅತ್ತೆ ಹಿಂದೆ ಕುತ್ಕಂಡು ದಾರಿ ಪೂರಾ ಅತ್ಲು. ಬರೂದಿಲ್ಲ ಹೇಳೂದು ದೇವ್ರಲ್ಲ, ನಾವು. ಬಿಟ್ಟು ಬಂದ ಮನೆ ಈಗ್ಲೂ ನನ್ ಕನಸಲ್ಲಿ ಬತ್ತದೆ. ಆದ್ರೆ ಬೆಳಿಗ್ಗೆ ಎದ್ದು ದೀಪ ಹಚ್ಚೂಕೆ ದೇವ್ರು ಇಲ್ಲೇ ಅದೆ."

  ಇನಾಸಣ್ಣ ಚಹಾದ ಕಪ್ಪು ಕೆಳಗಿಟ್ಟು, "ಗಂಗಕ್ಕ, ಆ ಟೆಂಪೋ ಯಾರ್ದು?" ಎಂದು ಕೇಳಿದರು.

ಜನ ನಕ್ಕರು. ಇನಾಸಣ್ಣನೂ ನಕ್ಕರು, ಕಣ್ಣೊರೆಸಿಕೊಂಡು. ಅಲ್ಲಿಗೆ ಸಭೆ ಮುಗಿಯಿತು.

ಸಮಾಧಿ ತೆಗೆಯುವ ಕೆಲಸಕ್ಕೆ ನಮ್ಮ ಇಲಾಖೆಯ ಯಾವ ಪುಸ್ತಕದಲ್ಲೂ ನಿಯಮವಿಲ್ಲ. ಫಾದರ್ ಪ್ರಾರ್ಥನೆ ಹೇಳುತ್ತಿದ್ದರು, ಮನೆ ಮನೆಯವರು ತಮ್ಮವರ ಪಕ್ಕ ನಿಂತಿದ್ದರು, ಅಂಚಿನ ಕಡೆ ಯಾರೂ ಹೋಗದಂತೆ ನಾನು ಹಗ್ಗ ಹಿಡಿದು ನಿಂತಿದ್ದೆ. ಒಂದೊಂದು ಸಮಾಧಿಗೂ ಒಂದೊಂದು ಹೊಸ ಮರದ ಪೆಟ್ಟಿಗೆ. ರೋಜಿಯ ಪೆಟ್ಟಿಗೆಯನ್ನು ಟೆಂಪೋದ ಹಿಂದೆ ಇಡಲು ಇನಾಸಣ್ಣ ಬಿಡಲಿಲ್ಲ. ಮುಂದೆ ಡ್ರೈವರ್ ಪಕ್ಕ ಕೂತು ತೊಡೆಯ ಮೇಲೆ ಇಟ್ಟುಕೊಂಡರು. ರಸ್ತೆಯ ಹೊಂಡ ಬಂದಲ್ಲೆಲ್ಲ "ಹಳೂ ಹೊಡಿ ಮಾರಾಯಾ, ಅವ್ಳಿಗೆ ಬೆನ್ನು ನೋವು" ಎನ್ನುತ್ತಿದ್ದರೆಂದು ಡ್ರೈವರ್ ಆಮೇಲೆ ಹೇಳಿದ.

ಗುಡ್ಡ ಜರಿದದ್ದು ಆ ಮಳೆಗಾಲದ ನಡುವೆ, ಒಂದು ಮಧ್ಯಾಹ್ನ. ಹಿಂದಿನ ಗೋಡೆ, ಪೂಜಾಪೀಠದ ಭಾಗ, ಖಾಲಿಯಾದ ಸಮಾಧಿಗಳ ಹಿತ್ತಲು ಎಲ್ಲ ಒಟ್ಟಿಗೆ ಇಳಿದುಹೋದವು. ಯಾರಿಗೂ ಏನೂ ಆಗಲಿಲ್ಲ. ಗಂಗಕ್ಕ ಫೋನ್ ಮಾಡಿದಳು. "ಅಕ್ಕೋರೆ, ಬಿತ್ತು. ನೀವ್ ಹೇಳಿದ್ದೇ ಆಯ್ತು." ಇಷ್ಟು ದಿನ ಜನರ ಚೇಷ್ಟೆ ಕೇಳಿ ಕೇಳಿ, ಒಂದು ದಿನ ಹೀಗೆ ಫೋನ್ ಬಂದರೆ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅದನ್ನೆಲ್ಲ ಬಿಟ್ಟು, ಯಾರಿಗೂ ಏನೂ ಆಗಿಲ್ಲವಲ್ಲ ಎಂದಷ್ಟೇ ಕೇಳಿ ಫೋನ್ ಇಟ್ಟೆ. ಕಿಟಕಿಯ ಹೊರಗೆ ಮಳೆ ನೋಡುತ್ತ ಕೂತೆ. ಕಿರಿಯರೇ, ನಮ್ಮ ಕೆಲಸದಲ್ಲಿ ಗೆದ್ದ ದಿನ ಹೀಗೇ ಇರುತ್ತದೆ, ಸಿಹಿ ಹಂಚುವಂತಿರುವುದಿಲ್ಲ.

ಉಳಿದ ಗೋಡೆಗಳ ಚಿರೇಕಲ್ಲನ್ನು ಜೋಪಾನವಾಗಿ ಬಿಚ್ಚಿ ಗೇರು ಹಿತ್ತಲಲ್ಲಿ ಹೊಸ ಇಗರ್ಜಿ ಕಟ್ಟಿದರು. ಮೊದಲಿನದಕ್ಕಿಂತ ಚಿಕ್ಕದು. ಮೊದಲ ಪೂಜೆಗೆ ನಾನೂ ಹೋಗಿದ್ದೆ. ಎಲ್ಲರಿಗೂ ಒಂದೇ ದೂರು: ಗುಡ್ಡದ ಮೇಲೆ ಅಲೆಯ ಅಬ್ಬರದಲ್ಲಿ ಪ್ರವಚನ ಅರ್ಧ ಕೇಳುತ್ತಿರಲಿಲ್ಲ, ಇಲ್ಲಿ ಪೂರಾ ಕೇಳುತ್ತದೆ.

ಪೂಜೆ ಮುಗಿದ ಮೇಲೆ ಇನಾಸಣ್ಣನನ್ನು ಹುಡುಕಿಕೊಂಡು ಹಿತ್ತಲಿಗೆ ಹೋದೆ. ರೋಜಿಯ ಹೊಸ ಸಮಾಧಿ ರಸ್ತೆಯ ಬೇಲಿಗೆ ತಾಗಿಯೇ ಇತ್ತು. ಒಳಗೆ ಗೇರುಮರಗಳ ನೆರಳಿನಲ್ಲಿ ಬೇಕಾದಷ್ಟು ಜಾಗವಿದ್ದರೂ ಆ ತುದಿಯನ್ನೇ ಆರಿಸಿದವರು ಅವರಂತೆ. ದಾಸವಾಳದ ಹೂವು ಜೋಡಿಸುತ್ತ ಕೂತಿದ್ದರು.

"ಇಲ್ಲಿ ಧೂಳು, ಗದ್ದಲ ಜಾಸ್ತಿ ಅಲ್ಲವಾ ಇನಾಸಣ್ಣ? ಒಳಗೆ ತಂಪಾಗಿತ್ತಲ್ಲ" ಎಂದೆ.

"ಅಯ್ಯೋ ಅಕ್ಕೋರೆ, ಅವ್ಳಿಗೆ ಸಮುದ್ರ ಹೇಳಿದ್ರೆ ಮೊದ್ಲಿಂದ್ಲೂ ಆಗ್ತಿರ್ಲಿಲ್ಲ. ರಾತ್ರಿ ಪೂರಾ ಸದ್ದು, ನಿದ್ದೆ ಬರೂದಿಲ್ಲ, ರಸ್ತೆ ಬದೀಗೆ ಒಂದ್ ಮನೆ ಮಾಡು ಹೇಳಿ ಮದ್ವೆ ಆದ್ ದಿವ್ಸದಿಂದ ಜಗಳ. ಬದ್ಕಿದ್ದಾಗ ಮಾಡೂಕಾಗ್ಲಿಲ್ಲ."

ಅಷ್ಟರಲ್ಲಿ ಅಂಕೋಲೆಯ ಬಸ್ಸು ಹಾರ್ನ್ ಹೊಡೆಯುತ್ತ ಬೇಲಿಯ ಪಕ್ಕದಲ್ಲೇ ಹಾದುಹೋಯಿತು. ಧೂಳೆದ್ದಿತು. ಇನಾಸಣ್ಣ ಹೂವಿನ ಮೇಲೆ ಕುಳಿತ ಧೂಳನ್ನು ಊದಿ, ಹೋಗುತ್ತಿದ್ದ ಬಸ್ಸನ್ನು ಮೆಚ್ಚುಗೆಯಿಂದ ನೋಡಿದರು.

"ಈಗ ನೋಡ್ಲಿ, ಬೇಕಾದಷ್ಟು ಬಸ್ಸು."